ಏಳನೇ ಷರತ್ತು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ, ಮುಂದಿನ ಸೀಟಿನವನ ಮೊಬೈಲಿನಿಂದ ಧನುಶ್ರೀಯ ದನಿ ಬರುತ್ತಿತ್ತು. ಮೆಕ್ಕೆಜೋಳದ ರೇಟು ಓದುತ್ತಿದ್ದಳು. ಪಾಪ, ಅವನಿಗೆ ಕಣ್ಣು ಕಾಣುವುದಿಲ್ಲ. ಅದು ಗೊತ್ತಿದ್ದೂ ನನಗೆ ಹೊಟ್ಟೆ ಉರಿಯಿತು.

ನಾನು ಓಂಕಾರ್, ಹೊನ್ನಾಳಿ ಕೋರ್ಟಿನಲ್ಲಿ ಜೂನಿಯರ್ ವಕೀಲ. ಧನುಶ್ರೀ ನ್ಯಾಮತಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಳೆ. ಕಣ್ಣು ಕಾಣದವರಿಗೆ ಮೊಬೈಲು ಕನ್ನಡ ಓದಿ ಹೇಳಲಿ ಎಂದು ಜಗಳೂರಿನ ಕೆಂಚೇಶ್ ಒಂದು ಸಾಫ್ಟ್‌ವೇರ್ ಮಾಡಿದ್ದ. ಅದರ ದನಿ ಇವಳದು. ಮೂರು ತಿಂಗಳು, ಪ್ರತಿ ಭಾನುವಾರ, ಅವನ ಎದುರು ಕೂತು ಮೈಕಿನಲ್ಲಿ ಓದಿದ್ದಳು. ಎರಡು ವರ್ಷದಿಂದ ಹಿಂದೆ ಬಿದ್ದಿರುವ ನನ್ನ ಜೊತೆ ಅದರ ಕಾಲುಭಾಗವೂ ಮಾತಾಡಿರಲಿಕ್ಕಿಲ್ಲ.

ಪರೀಕ್ಷೆಗೆಂದು ಅದನ್ನು ಕೆಲವರಿಗಷ್ಟೇ ಕೊಟ್ಟಿದ್ದರು; ಬಸ್ಸಿನವನಿಗೂ, ನನಗೂ. ಅವಳು ಸಹಿ ಹಾಕಿದರೆ ಇನ್ನು ಆ ದನಿಯನ್ನು ಯಾರು ಬೇಕಾದರೂ ಬಳಸಬಹುದು, ಏನು ಬೇಕಾದರೂ ಹೇಳಿಸಬಹುದು. ವಾಪಸ್ ಪಡೆಯುವಂತಿಲ್ಲ. ಒಪ್ಪಂದ ಬರೆದುಕೊಡಲು ಅವಳು ಕೇಳಿದ್ದು ನನ್ನನ್ನೇ.

ಲೈಬ್ರರಿಯಲ್ಲಿ ಕಾಗದ ಮುಂದಿಟ್ಟೆ. ಏಳನೇ ಷರತ್ತಿನ ಮೇಲೆ ಅವಳ ಬೆರಳು ನಿಂತಿತು. ಒಂದೇ ಹುಬ್ಬು ಮೇಲೆ ಹೋಯಿತು.

“ಇದೇನ್ ಲಾಯರ್ರೇ? ಬಳಸೋರೆಲ್ಲ ಮೊದ್ಲು ನನ್ ಪರ್ಮಿಷನ್ ಕೇಳಬೇಕಾ?”

“ಯಾರಾದ್ರೂ ನಿಮ್ ದನೀಲಿ ಕೆಟ್ಟ ಮಾತು ಹೇಳಿಸಿದ್ರೆ?”

“ನಂಗೂ ಆ ಭಯ ಐತೆ. ಆದ್ರೆ ಜಗಳೂರಿನ ಕಣ್ಣು ಕಾಣದ ಗಾದ್ರಮ್ಮಜ್ಜಿ, ಮಗಳ ಮೆಸೇಜ್ ಕೇಳಾಕೆ ನಂಗೆ ಅರ್ಜಿ ಬರೀಬೇಕಾ? ಕೆಟ್ಟೋರು ಹೆಂಗೋ ನುಗ್ತಾರೆ. ಅಜ್ಜಿ ಹೊರಗೇ ಉಳೀತಾಳೆ.”

“ಅದಕ್ಕೆ ನೀವ್ಯಾಕೆ ಬಲಿ ಆಗಬೇಕು? ಮೊಬೈಲ್ ಕಂಪನಿಯೋರೇ ಕನ್ನಡ ದನಿ ಕೊಡ್ಬೇಕು ಅಂತ ಸರ್ಕಾರ ನಿಯಮ ಮಾಡ್ಲಿ.”

“ಮಾಡ್ಲಿ. ನೀವೇ ಅರ್ಜಿ ಹಾಕ್ರಿ, ನಾನೂ ಸಹಿ ಮಾಡ್ತೀನಿ. ಅದು ಬರೋತನಕ ಅಜ್ಜಿ ಸುಮ್ನೆ ಕೂತಿರಬೇಕಾ?”

“ಕೆಂಚೇಶ್ ಹೇಳಿಕೊಟ್ಟಂಗೈತೆ” ಎಂದೆ.

ಅವಳು ಕೆನ್ನೆಗೆ ಕೈಕೊಟ್ಟು ನನ್ನನ್ನೇ ನೋಡಿದಳು. ತುಟಿಯಂಚಿನಲ್ಲಿ ನಗು ತಡೆದುಕೊಂಡಿದ್ದಳು. “ಹೊಟ್ಟೆಕಿಚ್ಚಾ?”

“ಹಂಗೇನಿಲ್ಲ” ಎನ್ನುತ್ತ, ಟೈಮ್ ನೋಡುವ ನೆಪದಲ್ಲಿ ಮೊಬೈಲ್ ತೆಗೆದೆ. ಬೆರಳು ಎಲ್ಲೋ ತಾಗಿತು. ಸದ್ದಿಲ್ಲದ ಲೈಬ್ರರಿಯಲ್ಲಿ ಅವಳದೇ ದನಿ ಸ್ಪಷ್ಟವಾಗಿ ಹೇಳಿತು: “ಓಂಕಾರ್, ನಾನು ನಿಮ್ಮನ್ನು ಪ್ರೀತಿಸುತ್ತೇನೆ.”

ಹಿಂದಿನ ದಿನ ನಾನೇ ಟೈಪ್ ಮಾಡಿ ಹೇಳಿಸಿದ್ದು. ಹತ್ತು ಸಲ ಕೇಳಿದ್ದೆ. ಪೇಪರ್ ಓದುತ್ತಿದ್ದ ಹನುಮಣ್ಣ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ಪುಟ ತಿರುಗಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಧನುಶ್ರೀಯ ನಗು ಹೋಗಿತ್ತು. “ನನ್ ಪರ್ಮಿಷನ್ ಕೇಳಿದ್ರಾ?”

“ಇಲ್ಲ.”

“ಏಳನೇ ಷರತ್ತು ಇದ್ರೆ ಮೊದಲ್ನೇ ಕೇಸು ನಿಮ್ ಮೇಲೇ.”

“ತಪ್ಪಾತು. ಊರಿಗೆಲ್ಲ ಕೊಡೋ ದನೀಲಿ ನಂಗೊಂದು ಮಾತಿಲ್ವಲ್ಲ ಅಂತ ಸಂಕಟ ಆತು.”

ಅವಳು ಏಳನೇ ಷರತ್ತನ್ನು ಇನ್ನೊಮ್ಮೆ ಓದಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಸರಿಸಿದಳು. “ಮೆಷಿನ್ನು ಯಾರು ಏನ್ ಹೇಳಿಸಿದ್ರೂ ಹೇಳ್ತೈತೆ. ನಾನು ಹಂಗಲ್ಲ. ಅದನ್ನ ಹೊಡೆದು ಹಾಕ್ರಿ, ಆಮೇಲೆ ನನ್ನೇ ಕೇಳ್ರಿ.”

ಏಳನೇ ಷರತ್ತಿನ ಮೇಲೆ ಗೀಟು ಎಳೆದೆ. ಹೊಟ್ಟೆಕಿಚ್ಚೇನೂ ಕಮ್ಮಿಯಾಗಿರಲಿಲ್ಲ. ಅವಳು ಕೆಳಗೆ ಸಹಿ ಹಾಕಿದಳು.

“ಈಗ ಕೇಳ್ಲಾ?”

“ಬೇಡ, ನಾನೇ ಹೇಳ್ತೀನಿ.” ಕಾಗದ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ನಿಮ್ಮನ್ನ... ನೀವು... ನಿಮ್ಮನ್ನ ಬಿಟ್ಟಿರಾಕೆ ನಂಗಾಗಲ್ರೀ.”

ಅಷ್ಟು ಹೇಳುವುದರೊಳಗೆ ಎರಡು ಸಲ ತಡವರಿಸಿದಳು. ಆ ತಡವರಿಕೆ ಯಾರ ಮೊಬೈಲಿನಲ್ಲೂ ಇಲ್ಲ.