ಉತ್ತರದ ಅಡಿಯ ಸಣ್ಣಕ್ಷರ

"ಎಷ್ಟಿವೆ ಅಂತ ಕೇಳಿದ್ರೆ ಇಷ್ಟಿವೆ ಅಂತ ಉತ್ತರ ಬರುತ್ತೆ ಕಣೇ. ಮತ್ತೇನು ಬರುತ್ತೆ, ಪ್ರೇಮಪತ್ರವಾ?"

ಸಂಸದೆ ಬುರುಲ್ಚಾ ಅಕ್ಕ ಕನ್ನಡಕವನ್ನು ತಲೆಗೇರಿಸಿ, ಸಚಿವಾಲಯದಿಂದ ಬಂದ ಹಾಳೆಯನ್ನು ಜಿಬೆಕ್‌ಳ ಕಡೆಗೆ ತಳ್ಳಿದರು. ಬಿಷ್ಕೆಕ್‌ನ ಸಂಸತ್ ಭವನದ ಆ ಇಕ್ಕಟ್ಟು ಕೋಣೆಯಲ್ಲಿ ಅಕ್ಕನ ಹೆಸರಿನಲ್ಲಿ ಸಚಿವರಿಗೆ ಲಿಖಿತ ಪ್ರಶ್ನೆ ಬರೆಯುವವಳು ಜಿಬೆಕ್. ಉತ್ತರ ಬಂದಾಗ ಬೈಗುಳ ತಿನ್ನುವವಳೂ ಅವಳೇ.

"ಸಾರಿ-ಮೊಯ್ನೊಕ್ ಕಣಿವೆಗೆ ಆರು ಹಿಮ ತಳ್ಳುವ ಯಂತ್ರಗಳನ್ನು ಒದಗಿಸಲಾಗಿದೆ," ಅಕ್ಕ ಸಚಿವರ ಧ್ವನಿಯನ್ನು ಅಣಕಿಸಿದರು. "ಒದಗಿಸಲಾಗಿದೆಯಂತೆ! ಹೋದ ವರ್ಷವೂ ಇದೇ ಹಾಡು. ನಿಮ್ಮಮ್ಮನ ಊರಿನ ರಸ್ತೆ ಮಾತ್ರ ಮಾರ್ಚ್ ತನಕ ಮುಚ್ಚಿರುತ್ತೆ. ಸುಳ್ಳು ಅನ್ನೋ ಹಾಗಿಲ್ಲ, ನಿಜ ಅನ್ನೋ ಹಾಗಿಲ್ಲ. ಇಂಥ ಉತ್ತರ ಬರೆಯೋನನ್ನ ಯಾವ ಮಹಾತಾಯಿ ಹೆತ್ತಳೋ!"

ಜಿಬೆಕ್ ತಲೆ ತಗ್ಗಿಸಿದಳು. ಆ ಮಹಾತಾಯಿ ಮಾಡಿದ ಕುದುರೆಮಾಂಸದ ಶಾವಿಗೆಯನ್ನು ಹಿಂದಿನ ಭಾನುವಾರವಷ್ಟೇ ಎರಡು ಸಲ ಬಡಿಸಿಕೊಂಡು ತಿಂದು ಬಂದಿದ್ದಳು.

ಉತ್ತರಕ್ಕೆ ಸಹಿ ಸಚಿವರದು. ಆದರೆ ಹಾಳೆಯ ಕಟ್ಟಕಡೆಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಅದನ್ನು ತಯಾರಿಸಿದ ನೌಕರನ ಹೆಸರು ಮತ್ತು ಫೋನ್ ನಂಬರ್ ಹಾಕುವುದು ಅಲ್ಲಿನ ಎಲ್ಲ ಕಚೇರಿಗಳ ಪದ್ಧತಿ. ಯಾರೂ ಅದನ್ನು ಓದುವುದಿಲ್ಲ. ಹೋದ ವಸಂತದಲ್ಲಿ ಜಿಬೆಕ್ ಓದಿದ್ದಳು. ಓದಿ, ಸಿಟ್ಟಿನಲ್ಲಿ ಫೋನ್ ಮಾಡಿದ್ದಳು.

"ಇದು ಉತ್ತರಾನಾ? ನಾನು ಸೇತುವೆ ಕೇಳಿದ್ರೆ ನೀವು ನದಿ ವರ್ಣನೆ ಮಾಡಿದ್ದೀರಲ್ಲ!"

ಆ ಕಡೆಯಿಂದ ಒಂದು ನಗು ಕೇಳಿಸಿತ್ತು. "ಇಷ್ಟು ವರ್ಷದಲ್ಲಿ ಈ ನಂಬರಿಗೆ ಮೊದಲ ಸಲ ಫೋನ್ ಬಂದಿದೆ. ಬೈಯಿರಿ ಪರವಾಗಿಲ್ಲ, ಇಡಬೇಡಿ."

ಹಾಗೆ ಸಿಕ್ಕವನು ಎರ್ಮೆಕ್.

ಮೊದಲ ಸಲ ಅವಳ ಬಾಡಿಗೆ ಮನೆಗೆ ಬಂದಾಗ ಅವನು ಬಾಗಿಲಲ್ಲಿ ಶೂ ಬಿಚ್ಚುತ್ತ ಅಂದಿದ್ದ: "ಕಚೇರಿಯನ್ನೂ ಇಲ್ಲೇ ಬಿಚ್ಚಿಡೋಣ. ಒಳಗೆ ನೀನು ಪ್ರಶ್ನೆ ಅಲ್ಲ, ನಾನು ಉತ್ತರ ಅಲ್ಲ."

"ಒಪ್ಪಿದೆ," ಅಂದು ಅವಳು ಚಹ ಬಗ್ಗಿಸಿದಳು. ಗಾಬರಿಯಲ್ಲಿ ಬಟ್ಟಲು ತುಂಬಿಹೋಯಿತು.

ಅವನು ಬಟ್ಟಲನ್ನೂ ಅವಳನ್ನೂ ಮಿಕಿಮಿಕಿ ನೋಡಿದ. ಅವರಲ್ಲಿ ಬೇಕಾದ ಅತಿಥಿಗೆ ಅರ್ಧ ಬಟ್ಟಲು, ಮತ್ತೆ ಮತ್ತೆ ಬಗ್ಗಿಸುವ ನೆಪಕ್ಕೆ. ತುಂಬಿಸಿದರೆ ಕುಡಿದು ಎದ್ದುಹೋಗು ಎಂದರ್ಥ. "ಇಷ್ಟು ಬೇಗ ಓಡಿಸ್ತಿದ್ದೀಯಾ?"

ಜಿಬೆಕ್‌ಳ ಕಿವಿ ಕೆಂಪಾಯಿತು. ಬಟ್ಟಲನ್ನು ಕಸಿದು ಅರ್ಧ ತಾನೇ ಕುಡಿದು ಹಿಂದಕ್ಕೆ ಕೊಟ್ಟಳು. ಅವಳು ತುಟಿ ಇಟ್ಟ ಅಂಚನ್ನು ಅವನು ಹುಡುಕಿ ತಿರುಗಿಸಿಕೊಂಡಿದ್ದನ್ನು ಅವಳು ನೋಡದವಳಂತೆ ನೋಡಿದಳು.

"ಆ ಒಣ ರೊಟ್ಟಿ ಯಾರ ತಲೆಗೆ ಎಸೆಯೋಕೆ?" ಗೋಡೆಯ ಮೊಳೆಗೆ ನೇತುಹಾಕಿದ್ದ ದುಂಡು ರೊಟ್ಟಿಯನ್ನು ತೋರಿಸಿ ಕೇಳಿದ್ದ. ಅದರ ಒಂದು ಅಂಚನ್ನು ಯಾರೋ ಕಚ್ಚಿದ್ದರು.

"ಮುಟ್ಟಬೇಡ! ನನ್ನ ತಮ್ಮಂದು. ಸೈನ್ಯಕ್ಕೆ ಹೋಗೋವಾಗ ಕಚ್ಚಿ ಹೋಗಿದ್ದಾನೆ. ಮಿಕ್ಕಿದ್ದನ್ನ ಬಂದು ತಿನ್ನಬೇಕು."

"ಹಲ್ಲು ಉಳಿಸ್ಕೊಂಡು ಬರಲಿ, ಪಾಪ."

ಶೂ ಜೊತೆ ಕಚೇರಿ ಬಿಡುವ ಆ ಒಪ್ಪಂದವನ್ನು ಎರ್ಮೆಕ್ ಮುರಿದಿದ್ದು ನಿನ್ನೆ ಸಂಜೆ. ಮುರಿಯುವಂತೆ ಮಾಡಿದ್ದು ಅವಳ ಅಳು. ಅಮ್ಮನ ಪಕ್ಕದ ಮನೆಯ ಐನಾಳನ್ನು ಹೋದ ಚಳಿಗಾಲದಲ್ಲಿ ಹೆರಿಗೆ ನೋವಿನಲ್ಲಿ ಕುದುರೆ ಜಾರುಬಂಡಿಯ ಮೇಲೆ ಕಣಿವೆ ದಾಟಿಸಿದ್ದು, ಮಗು ಉಳಿಯದಿದ್ದದ್ದು, ಐನಾ ಈಗ ಮತ್ತೆ ಬಸುರಿಯಾಗಿರುವುದು, ಎಲ್ಲವನ್ನೂ ಹೇಳಿ ಅತ್ತಿದ್ದಳು. ಎರ್ಮೆಕ್ ಬಹಳ ಹೊತ್ತು ಅವಳ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ.

"ಆರು ಗಾಡಿ ಇವೆ ಅಂತ ಬರೆದೆನಲ್ಲ," ಕೊನೆಗೆ ಅಂದ. "ಇವೆ, ನಿಜ. ನಾಲ್ಕಕ್ಕೆ ಬಿಡಿಭಾಗ ಇಲ್ಲ, ಶೆಡ್ಡಲ್ಲಿ ನಿಂತಿವೆ. ಕೆಟ್ಟಿದೆ ಅಂತ ಬರೆದ್ರೆ ಮೇಲಿನವರಿಗೆ ಕಷ್ಟ. ಅದಕ್ಕೆ ನಮ್ಮ ಕೋಣೆಯವರು ಒಂದು ಹೆಸರು ಇಟ್ಕೊಂಡಿದ್ದೀವಿ. ಚಳಿಗಾಲದ ವಿಶ್ರಾಂತಿ." ನಗಲು ಹೋಗಿ ಆಗಲಿಲ್ಲ. "ಹೊರಗೆ ಯಾರಿಗೂ ಗೊತ್ತಿಲ್ಲ. ನಿನಗೆ ಹೇಳ್ದೆ, ಅಷ್ಟೇ. ಒಳಗೇ ಇಟ್ಕೊಂಡು ಉಸಿರು ಕಟ್ತಿತ್ತು."

ಅವಳು ಅವನ ಹಣೆಗೆ ಮುತ್ತಿಟ್ಟಿದ್ದಳು. ಈಗ, ಮರುದಿನ, ಸಂಸತ್ ಭವನದ ಕೋಣೆಯಲ್ಲಿ ಕೂತು, "ಅಕ್ಕ, ಇನ್ನೊಂದು ಸಲ ಬರೀಲಾ?" ಎಂದು ಕೇಳಿದಳು. ಕೀಲಿಗಳ ಮೇಲೆ ಅವಳ ಬೆರಳು ತಡವರಿಸಲಿಲ್ಲ.

'ಸಾರಿ-ಮೊಯ್ನೊಕ್ ಕಣಿವೆಗೆ ಒದಗಿಸಿದ ಹಿಮ ತಳ್ಳುವ ಯಂತ್ರಗಳ ಪೈಕಿ ಎಷ್ಟನ್ನು "ಚಳಿಗಾಲದ ವಿಶ್ರಾಂತಿ"ಗೆ ಕಳಿಸಲಾಗಿದೆ? ಯಾವಾಗಿನಿಂದ? ಯಾವ ಕಾರಣಕ್ಕೆ?'

ಬುರುಲ್ಚಾ ಅಕ್ಕ ಓದಿ ಕುರ್ಚಿ ಅಲುಗುವಂತೆ ನಕ್ಕರು. "ಹಿಮ ತಳ್ಳೋ ಗಾಡಿಗೆ ಚಳಿಗಾಲದಲ್ಲಿ ರಜೆ! ಅಯ್ಯೋ ದೇವರೇ! ಈಗ ಸಿಕ್ಕಿಬಿದ್ದ ನೋಡು ಸಚಿವ. ಸುತ್ತಿ ಬಳಸಿ ಬರೆಯೋಕೆ ಜಾಗವೇ ಬಿಟ್ಟಿಲ್ಲ ನೀನು. ಇಲ್ಲ ಅಂತ ಬರೆದ್ರೆ ಸಹಿ ಹಾಕಿದ ಸುಳ್ಳಾಗುತ್ತೆ, ಆ ಧೈರ್ಯ ಅವನಿಗಿಲ್ಲ. ಎಲ್ಲಿ ಹೆಕ್ಕಿದೆ ಇದನ್ನ?"

"ಯಾರೋ ಹೇಳಿದ್ರು ಅಕ್ಕ."

ಯಾರೋ. ಆ ಮಾತು ಬಾಯಿಂದ ಬಿದ್ದ ಮೇಲೆ ನಾಲಗೆ ಸುಟ್ಟಂತಾಯಿತು. ಅಕ್ಕ ಅಷ್ಟರಲ್ಲಿ ಸಹಿ ಹಾಕಿಯಾಗಿತ್ತು.

ಟ್ರಾಲಿ ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡು ಜಿಬೆಕ್ ಕಣ್ಣು ತಪ್ಪಿಸಿದಳು. ಐನಾಗಾಗಿ ಬರೆದೆ, ಅಮ್ಮನಿಗಾಗಿ ಬರೆದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಬೆರಳು ಕೀಲಿಗಳ ಮೇಲಿದ್ದಾಗ ಐನಾ ಎಲ್ಲಿದ್ದಳು? ಆಗ ಮೈಯಲ್ಲೆಲ್ಲ ಹರಿದಾಡಿದ್ದು ಒಂದು ಖುಷಿ, ಈ ಸಲ ಗೆದ್ದೆ ಎನ್ನುವ ಖುಷಿ. ಅವನು ಉಸಿರು ಕಟ್ಟಿ ಹೇಳಿದ ಮಾತನ್ನು ಅವಳು ಬಿಸಿ ಆರುವ ಮುಂಚೆ ಮೇಜಿನ ಮೇಲೆ ಇಟ್ಟು ಹಂಚಿದ್ದಳು.

ಆ ಸಂಜೆ ಎರ್ಮೆಕ್‌ನಿಗೆ ತಲೆನೋವೆಂದು ಹೇಳಿ ಬರಬೇಡ ಅಂದಳು. ಮರುದಿನವೂ ಹಾಗೇ ಅಂದಳು. ಆಮೇಲೆ ಅವನೇ ಬರಲಿಲ್ಲ.

ಸೋಮವಾರ ಕಚೇರಿಯ ಫೋನ್ ಹೊಡೆದುಕೊಂಡಿತು.

"ನಮಸ್ಕಾರ. ಜಿಬೆಕ್ ಅವರಾ?"

ಅವರಾ. ನೀನು ಎನ್ನಲಿಲ್ಲ. "ಎರ್ಮೆಕ್..."

"ಸಚಿವಾಲಯದಿಂದ ಮಾತಾಡ್ತಿದ್ದೀನಿ. ನಿಮ್ಮ ಪ್ರಶ್ನೆ ತಲುಪಿದೆ. ಉತ್ತರ ತಯಾರಿಸೋಕೆ ನನಗೇ ಕೊಟ್ಟಿದ್ದಾರೆ." ಅವನ ಹಿಂದೆ ಯಾರೋ ಕೆಮ್ಮಿದರು. "ಆ ಹೆಸರು ಹೊರಗೆ ಹೇಗೆ ಹೋಯ್ತು ಅಂತ ಇಲ್ಲಿ ಎಲ್ಲರನ್ನೂ ವಿಚಾರಿಸ್ತಿದ್ದಾರೆ. ಪ್ರಶ್ನೆ ಸರಿಯಾಗಿ ತಲುಪಿದೆ ಅಂತ ಹೇಳೋಕೆ ಫೋನ್ ಮಾಡ್ದೆ."

"ವಾಪಸ್ ತಗೋಬಹುದು," ಅವಳು ಪಿಸುಗುಟ್ಟಿದಳು. "ಉತ್ತರ ಹೊರಡೋ ಮುಂಚೆ ಸಂಸದರು ಪ್ರಶ್ನೆ ವಾಪಸ್ ತಗೋಬಹುದು. ಅಕ್ಕನಿಗೆ ಹೇಳ್ಲಾ? ಹೇಳು ಎರ್ಮೆಕ್."

ಅವನ ಹಿಂದೆ ಮತ್ತೆ ಕೆಮ್ಮು ಕೇಳಿಸಿತು.

"ಅದು ನಿಮಗೆ ಬಿಟ್ಟಿದ್ದು," ಅಂದು ಫೋನ್ ಇಟ್ಟ.

ಬುರುಲ್ಚಾ ಅಕ್ಕನ ಮುಂದೆ ನಿಂತು ಎಲ್ಲವನ್ನೂ ಹೇಳಿದಾಗ ಜಿಬೆಕ್‌ಳ ದೃಷ್ಟಿ ತನ್ನ ಬೂಟಿನ ಮೇಲಿತ್ತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹುಡುಗ ಹೇಗಿದ್ದಾನೆ?"

"ಒಳ್ಳೆಯವನು ಅಕ್ಕ."

"ಒಳ್ಳೆಯವನೇ ಇರಬೇಕು. ಕೆಟ್ಟವನಾಗಿದ್ರೆ ನಿನಗೆ ಹೇಳ್ತಿರಲಿಲ್ಲ." ಅಕ್ಕ ಒಂದು ಖಾಲಿ ಹಾಳೆ ತೆಗೆದು ಅವಳ ಮುಂದೆ ಇಟ್ಟರು. "ವಾಪಸಾತಿ ಬರೆದು ತಾ, ಸಹಿ ಹಾಕ್ತೀನಿ. ನನಗೆ ಇನ್ನೊಂದು ಪ್ರಶ್ನೆ ಸಿಗುತ್ತೆ, ನಿನಗೆ ಇನ್ನೊಬ್ಬ ಸಿಗಲ್ಲ. ಆದ್ರೆ ಕಣಿವೆ ನಿಂದು, ನಿಮ್ಮಮ್ಮ ಇರೋ ಊರು. ನಾನು ಹೀಗೆ ಮಾಡು ಅನ್ನಲ್ಲ."

ಅವಳು ಬರೆಯಲು ಕೂತಳು. ತಾರೀಕು ಬರೆದಳು. ಅಮ್ಮನ ಧ್ವನಿಯನ್ನು ಒಮ್ಮೆ ಕೇಳಿ ಆಮೇಲೆ ಬರೆಯೋಣ ಎನ್ನಿಸಿತು.

"ರಸ್ತೆ ಹೇಗಿದೆ ಅಮ್ಮ?"

"ರಸ್ತೆ ಎಲ್ಲಿದೆ ಮಗಳೇ? ಎಲ್ಲಾ ಬಿಳಿ." ಅಮ್ಮನ ಹಿಂದೆ ಸ್ಟವ್ ಮೇಲಿನ ಕೆಟಲ್ ಕೂಗುತ್ತಿತ್ತು. "ಐನಾ ಇಲ್ಲೇ ಕೂತಿದ್ದಾಳೆ, ಚಹ ಕುಡೀತಿದ್ದಾಳೆ. ಹೊಟ್ಟೆ ಎಷ್ಟು ದೊಡ್ಡದಾಗಿದೆ ಅಂದ್ರೆ ಬಾಗಿಲಲ್ಲಿ ಅವಳಿಗಿಂತ ಮೊದಲು ಅದೇ ಬರುತ್ತೆ. ಈ ಸಲ ಏನಾಗಲ್ಲ ಅಂತೀನಿ, ಅವಳು ನನ್ನ ಮುಖಾನೇ ನೋಡ್ತಾಳೆ. ಇರು, ಮಾತಾಡ್ತೀಯಾ?"

"ಬೇಡಮ್ಮ," ಅಂದಳು ಜಿಬೆಕ್. "ಆಮೇಲೆ."

ಫೋನ್ ಇಟ್ಟು ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಬುಟ್ಟಿಗೆ ಹಾಕಿದಳು. ಮೊದಲ ಸಲ ಅವನನ್ನು ಬಿಟ್ಟುಕೊಟ್ಟಿದ್ದು ಹುಮ್ಮಸ್ಸಿನಲ್ಲಿ. ಈ ಸಲ ಕಣ್ಣು ತೆರೆದುಕೊಂಡು. ಯಾವುದು ಹೆಚ್ಚು ನಾಚಿಕೆಗೇಡು ಎಂದು ಅವಳಿಗೆ ತಿಳಿಯಲಿಲ್ಲ.

ಅವಧಿ ಮುಗಿಯುವ ದಿನ ಉತ್ತರ ಬಂತು. ಅಕ್ಕ ಅದನ್ನು ಗಟ್ಟಿಯಾಗಿ ಓದಿದರು, ಈ ಸಲ ಯಾರನ್ನೂ ಅಣಕಿಸದೆ. ಆರರಲ್ಲಿ ನಾಲ್ಕು ಯಂತ್ರಗಳು ಓಡುತ್ತಿಲ್ಲ. ಬಿಡಿಭಾಗ ತರಿಸಿಲ್ಲ. ಇದನ್ನು ಹಿಂದಿನ ಉತ್ತರಗಳಲ್ಲಿ ತಿಳಿಸಿರಲಿಲ್ಲ. ಈ ವಾರವೇ ಬಿಡಿಭಾಗ ಕಳಿಸಲಾಗುವುದು. ಕೆಳಗೆ ಸಚಿವರ ಸಹಿ.

"ಗೆದ್ದೆವು," ಅಂದರು ಅಕ್ಕ, ಮೆಲ್ಲಗೆ.

ಜಿಬೆಕ್ ಹಾಳೆಯ ತುದಿ ನೋಡುತ್ತಿದ್ದಳು. ಸಣ್ಣಕ್ಷರದಲ್ಲಿ ಎರ್ಮೆಕ್‌ನ ಹೆಸರಿತ್ತು. ಅವನು ತನ್ನ ಹೆಸರು ತಪ್ಪಿಸಬಹುದಿತ್ತು, ಕೆಲಸವನ್ನು ಪಕ್ಕದವನಿಗೆ ದಾಟಿಸಬಹುದಿತ್ತು. ಅವಳು ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಬೇರೆ ಯಾರೋ.

"ಎರ್ಮೆಕ್ ಇಲ್ಲಮ್ಮ. ನಾನೇ ಹೊರಗೆ ಹೇಳಿದ್ದು ಅಂತ ತಾನಾಗೇ ಒಪ್ಕೊಂಡ. ಯಾರಿಗೆ ಅಂತ ಕೇಳಿದ್ರೆ ಬಾಯಿ ಬಿಡಲಿಲ್ಲ. ಆ ಗಾಡಿಗಳ ಬಗ್ಗೆ ಅಷ್ಟೊಂದು ಗೊತ್ತಿದ್ರೆ ಹೋಗಿ ನೀನೇ ಎಬ್ಬಿಸು ಅಂತ ದೊಡ್ಡವರು ಸಾರಿ-ಮೊಯ್ನೊಕ್‌ಗೆ ಎತ್ತಿ ಹಾಕಿದ್ರು. ನಾಳೆ ಬೆಳಿಗ್ಗೆ ವ್ಯಾನ್ ಹತ್ತುತ್ತಾನೆ."

ಬಸ್ ನಿಲ್ದಾಣದಲ್ಲಿ ಕಲ್ಲಿದ್ದಲ ಹೊಗೆ, ಮಾಂಸದ ಹೂರಣದ ಸಮ್ಸಾ ಬೇಯುವ ವಾಸನೆ, ಊರಿನ ಹೆಸರು ಕೂಗುವ ಡ್ರೈವರುಗಳು. ಜಿಬೆಕ್ ಒಲೆಯಿಂದ ಆಗಷ್ಟೇ ತೆಗೆದ ದುಂಡು ರೊಟ್ಟಿಯೊಂದನ್ನು ಕೊಂಡು ಎದೆಗೆ ಒತ್ತಿಕೊಂಡಿದ್ದಳು. ಕಣಿವೆಯ ಬಾಯಿಗೆ ಹೋಗುವ ವ್ಯಾನಿನ ಪಕ್ಕದಲ್ಲಿ ಅವನು ನಿಂತಿದ್ದ. ಅವಳನ್ನು ಕಂಡು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಕ್ಷಮೆ ಕೇಳೋಕೆ ಬಂದೆ," ಅಂದಳು.

"ಕೇಳಿ."

"ಹೇಗೆ ಕೇಳ್ಬೇಕೋ ಗೊತ್ತಾಗ್ತಿಲ್ಲ."

"ಸಚಿವರನ್ನ ಅಷ್ಟು ಚೆನ್ನಾಗಿ ಕೇಳ್ತೀರಲ್ಲ."

ಅವಳು ನಗಲಿಲ್ಲ. "ಅದನ್ನ ಬರೆಯೋವಾಗ ನನಗೆ ಐನಾ ನೆನಪಿರಲಿಲ್ಲ. ನೀವೂ ನೆನಪಿರಲಿಲ್ಲ. ಗೆಲ್ಲೋದು ನೆನಪಿತ್ತು. ಅದಕ್ಕೆ ಕ್ಷಮಿಸಿ. ಆಮೇಲೆ ವಾಪಸ್ ತಗೊಳ್ಳೋ ಅವಕಾಶ ಇತ್ತು, ತಗೊಳ್ಳಲಿಲ್ಲ. ಅದಕ್ಕೆ ಕ್ಷಮೆ ಕೇಳೋಕೂ ಆಗ್ತಿಲ್ಲ. ನಾಳೆ ಕೇಳಿದ್ರೂ ನಾನು ಹಾಗೇ ಮಾಡ್ತೀನಿ." ರೊಟ್ಟಿಯ ಬಿಸಿ ಕೋಟನ್ನು ದಾಟಿ ಎದೆಗೆ ತಾಗುತ್ತಿತ್ತು. "ಇಂಥವಳನ್ನ ಏನು ಮಾಡ್ತೀರಿ?"

ಎರ್ಮೆಕ್ ಬಹಳ ಹೊತ್ತು ಅವಳ ಕಣ್ಣನ್ನೇ ನೋಡಿದ. ಆಮೇಲೆ ಅವಳ ಟೋಪಿಯಿಂದ ಹೊರಬಿದ್ದ ಕೂದಲೆಳೆಯನ್ನು. ಮುಟ್ಟಲಿಲ್ಲ.

"ನಾನು ಬರೆದ ಅಷ್ಟೂ ಉತ್ತರ ನಿಜವೇ," ಅಂದ. "ಒಂದನ್ನೂ ನಮ್ಮಮ್ಮನ ಮುಂದೆ ಓದೋ ಹಾಗಿರಲಿಲ್ಲ. ಈ ಸಲದ್ದನ್ನ ಓದಿದೆ. ಅವಳು ಏನಂದ್ಲು ಗೊತ್ತಾ? 'ಆ ಹುಡುಗಿ ಯಾಕೋ ಈ ಭಾನುವಾರ ಬರಲಿಲ್ಲ' ಅಂದ್ಲು."

ಜಿಬೆಕ್‌ಳ ಕಣ್ಣು ತುಂಬಿ, ರೆಪ್ಪೆಯ ತುದಿಯಲ್ಲೇ ತಣ್ಣಗಾಯಿತು. "ಸಿಟ್ಟಿದೆಯಾ?"

"ಇದೆ."

"ತುಂಬಾ?"

"ಕಣಿವೆ ತಲುಪೋ ತನಕ ಸಾಕಾಗುತ್ತೆ. ಆಮೇಲೆ ಗುದ್ದಲಿ ಹಿಡೀಬೇಕು, ಪುರುಸೊತ್ತಿರಲ್ಲ."

"ಏ ತಮ್ಮಾ!" ಡ್ರೈವರು ಹಾರ್ನ್ ಒತ್ತಿದ. "ಹತ್ತು, ಇಲ್ಲಾ ಇಲ್ಲೇ ಮದುವೆ ಮಾಡ್ಕೋ! ಹಿಮ ನಿನಗೋಸ್ಕರ ಕಾಯಲ್ಲ."

ಅವನು ಹತ್ತಿ ಕಿಟಕಿಯ ಪಕ್ಕ ಕೂತು ಗಾಜು ಸರಿಸಿದ. ಅವಳು ರೊಟ್ಟಿಯನ್ನು ಒಳಗೆ ಚಾಚಿದಳು. "ದಾರಿಗೆ."

"ನಿಮ್ಮಮ್ಮನಿಗೆ ಏನಂತ ಹೇಳ್ಲಿ? ನಾನು ಯಾರು ಅಂತ?"

"ಗಾಡಿ ಎಬ್ಬಿಸೋಕೆ ಬಂದೋರು ಅಂತ ಹೇಳಿ."

"ನಾನು ಹೇಳಲ್ಲ," ಅಂದ ಎರ್ಮೆಕ್. "ನೀನೇ ಫೋನ್ ಮಾಡಿ ಹೇಳು. ಸರಿಯಾಗಿ ಹೇಳು."

ನೀನೇ. ಆ ಮಾತು ಕಿವಿಯಿಂದ ಎದೆಗೆ ಇಳಿಯುವಷ್ಟರಲ್ಲಿ ವ್ಯಾನ್ ಅಲುಗಿತು. ಅವನು ರೊಟ್ಟಿಯ ಅಂಚನ್ನು ದೊಡ್ಡದಾಗಿ ಕಚ್ಚಿದ. ಅಗಿಯುತ್ತಲೇ, ಮಿಕ್ಕದ್ದನ್ನು ಕಿಟಕಿಯಿಂದ ಅವಳ ಕೈಗೆ ಮರಳಿ ಕೊಟ್ಟ.

ವ್ಯಾನ್ ಹೊಗೆಯಲ್ಲಿ ಮರೆಯಾದ ಮೇಲೂ ಜಿಬೆಕ್ ರೊಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ಆಮೇಲೆ ಅದನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ನಿಲ್ದಾಣದ ಮೂಲೆಯ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ, ಒಂದು ಮೊಳೆ ಕೊಂಡಳು.