ನರಸೇತುವಿನ ಎರಡು ತಂತಿ

2061ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನರಸೇತುವನ್ನು ಕಂಡು ಯಾರೂ ಬೆರಗಾಗುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದವರು ಅದನ್ನು ಕಟ್ಟಿಕೊಂಡು ಚಹಾದ ಕಪ್ಪು ಎತ್ತುತ್ತಿದ್ದರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಎರಡು ಪೆಟ್ಟಿಗೆ. ಒಂದು ಮಿದುಳಿನ ಇಚ್ಛೆಯನ್ನು ಓದುತ್ತದೆ. ಇನ್ನೊಂದು ಅದನ್ನು ಕೈಯ ನರಗಳಿಗೆ ಮುಟ್ಟಿಸಿ, ಅವುಗಳ ಉತ್ತರವನ್ನು ಹಿಂದಕ್ಕೆ ಕಳಿಸುತ್ತದೆ. ನಡುವೆ ಹೋಗಲೊಂದು, ಬರಲೊಂದು ತಂತಿಯಿರುವ ಸಣ್ಣ ಕೇಬಲ್ಲು. ಸಂಕೇತಗಳು ಅದರಲ್ಲಿ ಒಂದರ ಹಿಂದೊಂದು ಸಾಲಾಗಿ ಸಾಗುವುದರಿಂದ ಅದಕ್ಕೆ ಸೀರಿಯಲ್ ಸಂಪರ್ಕ ಎನ್ನುತ್ತಾರೆ.

ನರಸೇತುವನ್ನು ಕಂಡುಹಿಡಿದ ಡಾ. ವಾರುಣಿ ಗುಡಿ ಅಂದು ಮಧ್ಯಾಹ್ನ ಯಲ್ಲೂಬಾಯಿಯ ಮುಖ ನೋಡಲಾರದೆ ಕೂತಿದ್ದರು. ಖಾನಾವಳಿ ನಡೆಸುತ್ತಿದ್ದ ಹೆಂಗಸು. ಎಂಟು ತಿಂಗಳಿಂದ ಬಲಗೈ ಜೋತುಬಿದ್ದಿತ್ತು. ಮೂರು ದಿನ ಹೆಣಗಿದರೂ ಒಂದು ಬೆರಳೂ ಅಲುಗಿರಲಿಲ್ಲ. ‘ನರ ಸತ್ತಿದೆ’ ಎಂದು ವರದಿ ಬರೆದು, ಸಾಧನ ಬಿಚ್ಚಿಕೊಂಡು ಮನೆಗೆ ಕಳಿಸುವುದಷ್ಟೇ ಉಳಿದಿತ್ತು.

“ರೊಟ್ಟಿ ಬಡಿಯಾಕ ಆಗ್ದಿದ್ರ ಬಿಡ್ರಿ ಬಾಯಾರ,” ಎಂದಳು ಯಲ್ಲೂಬಾಯಿ. “ತಲಿ ಬಾಚ್ಕೊಳ್ಳಾಕರ ಬಂದಿದ್ರ ಸಾಕಿತ್ತು. ದಿನಾ ಸೊಸಿ ಮುಂದ ಬಗ್ಗಿ ಕೂಡಬೇಕು ನೋಡ್ರಿ.”

ವಾರುಣಿ ಪೆನ್ನು ಎತ್ತಿಕೊಂಡಾಗ ರಿಪೇರಿ ವಿಭಾಗದ ರೆಹಾನಾ ಮುಲ್ಲಾ ಒಳಗೆ ಬಂದಳು.

“ತಡೀರಿ ಮೇಡಂ, ಸಹಿ ಮಾಡಬ್ಯಾಡ್ರಿ. ಕೈ ಪೆಟ್ಟಿಗಿ ಹೊಸಾ ಕಾರ್ಖಾನಿದು ಅಲ್ರೀ? ಕೇಬಲ್ ಹೆಂಗ ಜೋಡಿಸೀರಿ?”

“ಯಾವಾಗ್ಲೂ ಹೆಂಗೋ ಹಂಗ. ಇದರ ಕಳಿಸೂ ತಂತಿ ಟಿಎಕ್ಸ್, ಅದರ ಪಡಿಯೂ ತಂತಿ ಆರ್‌ಎಕ್ಸ್‌ಗೆ. ಕಳಿಸೂದು ಪಡಿಯೂದಕ್ಕ ಕೂಡಬೇಕಲ್ಲ?”

“ಖರೇ ರೀ. ಆದ್ರ ಯಾರು ಕಳಿಸೂದು ಅಂತ ಬರದಿಲ್ಲಲ್ರೀ.”

ರೆಹಾನಾ ಕೇಬಲ್ಲು ಬಿಚ್ಚಿ, ಕೈ ಪೆಟ್ಟಿಗೆಯಲ್ಲಿ ಆರ್‌ಎಕ್ಸ್ ಎಂದು ಅಚ್ಚಾಗಿದ್ದ ಮೊನೆಗೆ ಮೀಟರು ಹಿಡಿದಳು. ಕಳಿಸುವ ತಂತಿ ಸುಮ್ಮನಿರುವಾಗಲೂ ಒಂದು ವೋಲ್ಟೇಜನ್ನು ಹಿಡಿದಿಟ್ಟಿರುತ್ತದೆ. ಮೀಟರಿನಲ್ಲಿ ಮೂರು ವೋಲ್ಟಿಗೂ ಹೆಚ್ಚು ತೋರಿತು. ‘ಪಡೆಯುವ’ ತಂತಿಯೇ ಕಳಿಸುತ್ತಿತ್ತು! ಕಾರ್ಖಾನೆಯವರು ತಮ್ಮ ಪೆಟ್ಟಿಗೆಯ ಕೆಲಸವನ್ನು ಬರೆದಿರಲಿಲ್ಲ. ಎದುರಿನ ಪೆಟ್ಟಿಗೆಯ ಯಾವ ತಂತಿ ಇಲ್ಲಿಗೆ ಬರಬೇಕೆಂದು ಬರೆದಿದ್ದರು. ಮೂರು ದಿನವೂ ಎರಡೂ ಪೆಟ್ಟಿಗೆಗಳು ಕಳಿಸುತ್ತಲೇ ಇದ್ದವು, ಕೇಳಿಸಿಕೊಳ್ಳುವವರೇ ಇರಲಿಲ್ಲ.

ರೆಹಾನಾ ಎರಡೂ ತಂತಿ ಅದಲುಬದಲು ಮಾಡಿ ಕೇಬಲ್ಲು ಮತ್ತೆ ಜೋಡಿಸಿದಳು.

“ಹೆಬ್ಬೆರಳು ಮಡಚ್ರಿ ಅವ್ವಾ,” ಎಂದರು ವಾರುಣಿ.

ಹೆಬ್ಬೆರಳು ಮಡಚಿಕೊಂಡಿತು. ಯಲ್ಲೂಬಾಯಿ ಬೆಚ್ಚಿ ಅದನ್ನೇ ನೋಡಿದಳು. “ನಾನಽ ಮಾಡಿದ್ನೇನ್ರಿ?”

“ನೀವಽ ಮಾಡಿದ್ರಿ,” ಎನ್ನುವಷ್ಟರಲ್ಲಿ ವಾರುಣಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೂರು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

ಆಮೇಲೆ ನೆನಪಾಯಿತು: ಇದೇ ಹೊಸ ಪೆಟ್ಟಿಗೆ ಕಟ್ಟಿ, ನರ ಸತ್ತಿದೆಯೆಂದು ಇನ್ನಿಬ್ಬರನ್ನು ಮನೆಗೆ ಕಳಿಸಿದ್ದರು. ಸಂಜೆಯೊಳಗೆ ಅವರಲ್ಲೊಬ್ಬರಾದ ಗದಗಿನ ಡ್ರಾಯಿಂಗ್ ಮಾಸ್ತರರಿಗೆ ತಾವೇ ಫೋನು ಮಾಡಿದರು.

“ಮಾಸ್ತರ, ನಿಮ್ಮ ನರ ಸತ್ತಿಲ್ರಿ. ತಪ್ಪು ನಮ್ಮದು.”

“ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನ್ರಿ,” ಎಂದರು ಮಾಸ್ತರರು. ಇನ್ನೊಬ್ಬರ ನಂಬರನ್ನು ರೆಹಾನಾ ಆಗಲೇ ಹುಡುಕಿಟ್ಟಿದ್ದಳು.

ಕಳಿಸುವುದು, ಪಡೆಯುವುದು ಎಂಬ ಆ ಅಕ್ಷರಗಳು ಇಂದಿಗೂ ನಮ್ಮ ಯಂತ್ರಗಳ ಬೆನ್ನ ಮೇಲಿವೆ, ಯಾರ ಕಡೆಯಿಂದ ಎಂದು ಹೇಳದೆ. ಉತ್ತರ ಬಾರದಿದ್ದಾಗ ಆಚೆಯವರು ಮಾತೇ ಆಡುತ್ತಿಲ್ಲವೆಂದು ಬರೆದುಬಿಡುವ ಮೊದಲು, ತಂತಿ ಬಿಚ್ಚಿ ನೋಡುವವರು ನಮ್ಮಲ್ಲಿ ಎಷ್ಟು ಜನ?