ಗಾರೆಯ ಚಂದ್ರ

ಗಾರೆ ಗಟ್ಟಿಯಾಗುವ ಮುನ್ನ ಕುಳಿಯ ಅಂಚನ್ನು ತೀಡಿ ಮುಗಿಸಬೇಕು. ಟ್ಯಾಬಿತಾ ಉಸಿರು ಬಿಗಿಹಿಡಿದು, ಸಣ್ಣ ಕರಣೆಯ ತುದಿಯಿಂದ ಚಂದ್ರನ ಮೈಯಲ್ಲೊಂದು ಹೊಂಡ ತೋಡುತ್ತಿದ್ದಳು.

ದಢಾರನೆ ಬಾಗಿಲು ತೆರೆಯಿತು.

"ಯಾವ ಕುರುಡ ಇದನ್ನ ಮಾಡಿದ್ದು?"

ಹಿಂದಿನ ವಾರ ಕಳಿಸಿದ್ದ ಗಾರೆಯ ಹಲಗೆಯೊಂದನ್ನು ಎದೆಗವಚಿಕೊಂಡು ನಿಂತಿದ್ದ ಆ ಮನುಷ್ಯನ ಟೋಪಿ ಓರೆಯಾಗಿತ್ತು. ಟ್ರೂರೋ ಊರಿನಲ್ಲಿ ಅವನನ್ನು ಅರಿಯದವರಿಲ್ಲ. ಆಂಬ್ರೋಸ್ ಲಿಡನ್. ಹಗಲು ವಕೀಲ, ಸಂಜೆಯಾದರೆ ಹಿತ್ತಲಿನ ದುರ್ಬೀನಿಗೆ ಕಣ್ಣು ಅಂಟಿಸಿದ ಚಂದ್ರನ ಹುಚ್ಚ.

"ಕುರುಡ ಅಲ್ಲ, ಕುರುಡಿ," ಎಂದಳು ಟ್ಯಾಬಿತಾ, ಕೈ ನಿಲ್ಲಿಸದೆ. "ಅಪ್ಪನ ಕೈ ನಡುಗುತ್ತೆ, ಅವರ ಕೆಲಸ ನಾನೇ ಮಾಡೋದು. ಹೊರಗೆ ಹೇಳ್ಬೇಡಿ, ಕೆಲಸ ತಪ್ಪುತ್ತೆ. ಈಗ ಏನಾಯ್ತು ಹೇಳಿ."

"ನಾನು ಬರೆದದ್ದು ಗುಡ್ಡ. ನೀವು ಮಾಡಿರೋದು ಹೊಂಡ!"

"ನೆರಳು ಆ ಕಡೆ ಬಿದ್ದಿತ್ತಲ್ಲ..."

"ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ನೋಡಬೇಡ್ವಾ?"

"ಅದನ್ನ ನೀವು ಬರೆದಿದ್ರೆ ತಾನೇ, ಸರ್!"

ಆಂಬ್ರೋಸ್ ಜೇಬಿನಿಂದ ತನ್ನ ಚಿತ್ರವನ್ನು ತೆಗೆದು ಬಿಡಿಸಿ ನೋಡಿದ. ಬೆಳಕಿನ ಬಾಣದ ಗುರುತು ಇರಲೇ ಇಲ್ಲ. ಅವನ ಕಿವಿ ಕೆಂಪಾಯಿತು. ಆಮೇಲೆ ನಕ್ಕ... ನಲವತ್ತು ದಾಟಿದ ಗಂಡಸು ಹಾಗೆ ಹುಡುಗನಂತೆ ನಗುವುದನ್ನು ಅವಳು ಕಂಡಿರಲಿಲ್ಲ.

"ಕೂತ್ಕೋಬಹುದಾ?"

"ಆ ಚೀಲದ ಮೇಲೆ ಕೂತ್ರೆ ನಿಮ್ಮ ಕರಿ ಕೋಟು ಬಿಳಿಯಾಗುತ್ತೆ."

ಅವನು ಕೂತೇಬಿಟ್ಟ.

ಅಲ್ಲಿಂದ ಶುರುವಾಯಿತು. ಚಂದ್ರನ ಒಂದೊಂದೇ ತುಂಡನ್ನು ಅವನು ನೋಡಿ ಬರೆಯುವುದು, ಅವಳು ಗಾರೆಯಲ್ಲಿ ಎಬ್ಬಿಸುವುದು. ಎಲ್ಲ ಮುಗಿದ ಮೇಲೆ ಬಿಸಿಲಿಗಿಟ್ಟು ಫೋಟೋ ತೆಗೆಸಿ ಪುಸ್ತಕ ಮಾಡುವುದು ಅವನ ಕನಸು. ಅವನ ಹದಿನೈದು ವರ್ಷದ ತಪಸ್ಸು ತನ್ನ ಬೆರಳುಗಳಲ್ಲಿ ಗಟ್ಟಿಯಾಗುತ್ತಿದೆ ಎಂದು ಅವಳಿಗೆ ಹೆಮ್ಮೆ. ಅವಳಿಗೆ ಮೂವತ್ತೆರಡು. ಮದುವೆಯ ಮಾತನ್ನು ಊರು ಎಂದೋ ಮರೆತಿತ್ತು. ಅವಳೂ ಮರೆತಂತೆಯೇ ಇದ್ದಳು... ಒಂದು ಸಂಜೆ ಅವಳ ಕೆನ್ನೆಯ ಮೇಲಿನ ಗಾರೆಯನ್ನು ಅವನು ಕರವಸ್ತ್ರದಿಂದ ಒರೆಸುವವರೆಗೆ.

"ಪುಸ್ತಕ ಮುಗೀಲಿ, ಟ್ಯಾಬಿತಾ. ಆಮೇಲೆ ನಿಮ್ಮ ತಂದೆ ಹತ್ರ ಒಂದು ಮಾತು ಕೇಳೋದಿದೆ."

ಆದರೆ ಮುಂದಿನ ವಸಂತದಲ್ಲಿ ಎಲ್ಲ ತಲೆಕೆಳಗಾಯಿತು.

ಅವನು ಬರುವುದನ್ನು ನಿಲ್ಲಿಸಿದ. ಚಿತ್ರಗಳನ್ನು ಅವನ ಅಕ್ಕ ಡಾರ್ಕಸ್ ತಂದುಕೊಟ್ಟು ಹೋಗುತ್ತಿದ್ದಳು. ಟ್ಯಾಬಿತಾ ಹುಡುಕಿಕೊಂಡು ಹೋದರೆ ಹೊಸಿಲಲ್ಲೇ ತಡೆದು, ಮುಖ ತಿರುಗಿಸಿಯೇ ಮಾತಾಡಿದ.

"ಇನ್ನು ಇಲ್ಲಿಗೆ ಬರಬೇಡಿ, ಮಿಸ್ ಪೆನ್‌ಹೇಲ್. ನಾನು ಹಿಂದೆ ಆಡಿದ ಮಾತನ್ನೂ ಮರೆತುಬಿಡಿ."

ಮಿಸ್ ಪೆನ್‌ಹೇಲ್! ಟ್ಯಾಬಿತಾ ಎನ್ನುತ್ತಿದ್ದ ಬಾಯಲ್ಲಿ ಈಗ ಬರೀ ಮನೆತನದ ಹೆಸರು.

ಗಾರೆಯವನ ಮಗಳು ವಕೀಲರ ಮನೆಗೆ ಸೊಸೆಯಾಗಿ ಬರೋದು ಉಂಟಾ? ನಂಬಿದ್ದು ನನ್ನದೇ ತಪ್ಪು...

ಅಪ್ಪನಿಗೆ ಅವಳ ಮುಖ ನೋಡಿಯೇ ತಿಳಿಯಿತು. "ಎಕ್ಸೆಟರ್‌ನಲ್ಲಿ ಒಂದು ಇಗರ್ಜಿಯ ಚಾವಣಿ ಕೆಲಸ ಸಿಕ್ಕಿದೆ, ಟ್ಯಾಬಿ. ಹೊರಟುಬಿಡೋಣ ಕಣಮ್ಮ."

"ಹೂಂ, ಅಪ್ಪಾ. ಅವರ ಕಡೇ ತುಂಡು ಒಂದು ಕೊಟ್ಟು ಬಂದುಬಿಡ್ತೀನಿ."

ಅರ್ಧಚಂದ್ರ ಆಕಾಶದಲ್ಲಿ ಎತ್ತರಕ್ಕಿದ್ದ ಸಂಜೆ, ಬೆಳಕಿನ್ನೂ ಆರಿರಲಿಲ್ಲ. ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಮನೆಯ ಹಿತ್ತಲ ಬಾಗಿಲಿಂದ ಬಂದಳು. ಆಂಬ್ರೋಸ್ ದುರ್ಬೀನಿಗೆ ಕಣ್ಣಿಟ್ಟು ಒಂದೇ ಸಮನೆ ಬರೆಯುತ್ತಿದ್ದ.

ನಾನಿಲ್ಲದೆಯೂ ಇವರ ಚಂದ್ರ ಎಷ್ಟು ಸುಖವಾಗಿದ್ದಾನೆ! ಎಂದುಕೊಂಡಳು.

ಆಗ ಅವಳು ಕೊಳವೆಯ ತುದಿಯನ್ನು ನೋಡಿದಳು. ಅದು ಚಂದ್ರನ ಕಡೆಗಿರಲಿಲ್ಲ. ಪಕ್ಕದ ಮನೆಯ ಹೊಗೆಗೂಡಿನ ಇಟ್ಟಿಗೆಗಳ ಮೇಲೆ ನೆಟ್ಟಿತ್ತು.

ಅವಳು ಹತ್ತಿರ ಹೋದಳು.

"ಆಂಬ್ರೋಸ್... ಏನು ನೋಡ್ತಿದ್ದೀರಿ?"

ಅವನು ಬೆಚ್ಚಿ ತಲೆ ಎತ್ತಿದ. ದನಿ ಬಂದ ಕಡೆ ಮುಖ ಮಾಡಿದ, ಆದರೆ ಕಣ್ಣು ಅವಳ ಭುಜದಾಚೆ ಎಲ್ಲೋ ನಿಂತಿತು.

"ಸ್ವಲ್ಪ ಮೆಲ್ಲಗೆ," ಎಂದ. "ಡಾರ್ಕಸ್ ಅಡುಗೆಮನೆ ಕಿಟಕಿಯಿಂದ ನೋಡ್ತಿರ್ತಾಳೆ. ನಾನು ಕೆಲಸ ಮಾಡ್ತಿದ್ದೀನಿ ಅಂದ್ಕೊಂಡಿದ್ದಾಳೆ."

"ಯಾವಾಗಿಂದ?"

"ಚಳಿಗಾಲದಿಂದ. ಮೊದಲು ಚಂದ್ರನ ನಟ್ಟನಡುವೆ ಒಂದು ತೂತು ಕಾಣಿಸ್ತು. ಹೊಸದೇನೋ ಕಂಡುಹಿಡಿದೆ ಅಂತ ಕುಣಿದಾಡಿದೆ, ಗೊತ್ತಾ?" ನಗಲು ಹೋದ, ಆಗಲಿಲ್ಲ. "ಮಾರನೇ ದಿನ ನಿನ್ನ ಮುಖದಲ್ಲೂ ಅದೇ ತೂತಿತ್ತು."

ಟ್ಯಾಬಿತಾ ಹಲಗೆಯನ್ನು ಬೆಂಚಿನ ಮೇಲಿಟ್ಟಳು.

"ಹಾಗಾದ್ರೆ ನನ್ನನ್ನ ಬರಬೇಡಿ ಅಂದಿದ್ದು..."

"ಕುರುಡನ ಕೋಲಾಗಿ ನಿನ್ನ ಆಯುಷ್ಯ ಸವೆಯೋದು ಬೇಡ ಅಂತ."

"ನನ್ನ ಆಯುಷ್ಯ! ಅದರ ತೀರ್ಪು ನೀವೇ ಕೊಟ್ಟುಬಿಟ್ರಾ, ವಕೀಲರೇ?" ಅವಳ ದನಿ ಒಡೆಯಿತು. "ಗಾರೆಯವನ ಮಗಳು ಅಂತ ತಳ್ಳಿದ್ರಿ ಅಂದ್ಕೊಂಡು ಇಷ್ಟು ದಿನ ಗೋಡೆಗೆ ಮುಖ ಮಾಡಿ ಅತ್ತಿದ್ದೀನಿ ನಾನು!"

"ಟ್ಯಾಬಿತಾ..." ಅವನ ಕೈ ಗಾಳಿಯಲ್ಲಿ ಅವಳನ್ನು ಹುಡುಕಿತು.

ಕೋಪವಿದ್ದರೂ ಅವಳು ಆ ಕೈ ಹಿಡಿದಳು. ಹಿಡಿದ ಮೇಲೆ ಬಿಡಲಾಗಲಿಲ್ಲ.

"ಕಣ್ಣು ಕಾಣೋ ಗಂಡಸು ಯಾರೂ ನನ್ನನ್ನ ಇಷ್ಟು ವರ್ಷ ನೋಡಲಿಲ್ಲ," ಎಂದಳು ಮೆತ್ತಗೆ. "ನೀವು ನೋಡಿದ್ರಿ. ನನಗೆ ಅದು ಸಾಕು."

ಅವನು ಅವಳ ಅಂಗೈಯನ್ನು ತನ್ನ ರೆಪ್ಪೆಗಳಿಗೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು.

ಆಮೇಲೆ ಅವಳು ಹಲಗೆಗೆ ಸುತ್ತಿದ್ದ ಬಟ್ಟೆ ತೆಗೆದು ಅವನ ಬೆರಳುಗಳನ್ನು ಗಾರೆಯ ಮೇಲಿರಿಸಿದಳು. ಅವು ಅಂಚು ಹತ್ತಿದವು, ಕುಳಿಯಲ್ಲಿಳಿದವು, ನಡುವಿನ ಚೂಪು ಶಿಖರವೊಂದರ ಮೇಲೆ ನಿಂತವು. ಅವನ ಮುಖ ಬೆಳಗಿತು.

"ಇದು! ಇದನ್ನ ಬರೀ ನೆನಪಿನಿಂದ ಬರೆದದ್ದು. ಕಣ್ಣು ಹೋದ್ರೂ ಒಂದು ಬೆಟ್ಟಾನೂ ಕಳ್ಕೊಂಡಿಲ್ಲ ನಾನು... ಪುಸ್ತಕ ಮುಗಿಸ್ತೀಯಾ, ಟ್ಯಾಬಿ?"

"ಮುಗಿಸೋಣ. ನಾನು ನೋಡ್ತೀನಿ, ನೀವು ಹೇಳಿಕೊಡಿ."

ಅವನು ಹೇಳಿಕೊಟ್ಟಂತೆ ಕೊಳವೆಯನ್ನು ತಿರುಗಿಸಿ ಅವಳು ಕಣ್ಣಿಟ್ಟಳು. ಬೆಳ್ಳಗೆ, ನಿಷ್ಕರುಣೆಯಿಂದ ಚಂದ್ರ ಎದುರಾದ. ಅದೇ ಕುಳಿಯನ್ನು ಹುಡುಕಿದಳು. ಸಿಕ್ಕಿತು. ಅದರ ತಳ ಹಾಳೆಯಂತೆ ಸಪಾಟಾಗಿತ್ತು. ಮತ್ತೆ ನೋಡಿದಳು. ಅಲ್ಲಿ ಶಿಖರವೇ ಇರಲಿಲ್ಲ.

"ಹೇಗಿದ್ದಾನೆ?" ಕೇಳಿದ ಆಂಬ್ರೋಸ್. ಬೆರಳಿನ್ನೂ ಶಿಖರದ ಮೇಲಿತ್ತು.

"ತುಂಬಾ ಚೆಂದ ಇದ್ದಾನೆ."

"ಅಳ್ತಿದ್ದೀಯಾ?"

"ಒಂದೇ ಕಣ್ಣಲ್ಲಿ ನೋಡಿ ಅಭ್ಯಾಸ ಇಲ್ಲ. ನೀರು ಬರುತ್ತೆ."

"ಮೊದಮೊದಲು ಎಲ್ಲರಿಗೂ ಹಾಗೇ," ಎಂದು ಅವನು ಅವಳ ಹೆಗಲಿಗೆ ತಲೆಯಾನಿಸಿದ.

ಕಿಟಕಿ ತೆರೆದು ಡಾರ್ಕಸ್ ಕೂಗಿದಳು. "ಚಂದ್ರ ಓಡಿಹೋಗಲ್ಲ, ಇಬ್ಬರೂ ಒಳಗೆ ಬನ್ನಿ! ಚಹಾ ಆರಿ ತಣ್ಣಗಾಗ್ತಿದೆ!"

ಅವನನ್ನು ನಡೆಸಿಕೊಂಡು ಹೋಗುವಾಗ ಟ್ಯಾಬಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಳೆ ಹಲಗೆಯ ಅಚ್ಚು ತೆಗೆಯಬೇಕು. ಆ ಅಚ್ಚಿನಿಂದ ಎರಡು ಚಂದ್ರರನ್ನು ಎರಕ ಹೊಯ್ಯಬೇಕು. ಒಂದರಲ್ಲಿ ಶಿಖರವನ್ನು ಕೆರೆದು ತಳವನ್ನು ನುಣುಪು ಮಾಡಬೇಕು. ಫೋಟೋಗೆ ಹೋಗುವುದು ಅದು. ಜಗತ್ತಿಗೆ ಅವನ ಹೆಸರಿನಲ್ಲಿ ಸುಳ್ಳು ತಲುಪಬಾರದು.

ಇನ್ನೊಂದು, ಶಿಖರವಿರುವುದು, ಮನೆಯಲ್ಲೇ ಅವನ ಕುರ್ಚಿಯ ಪಕ್ಕದಲ್ಲಿ, ಬೆರಳಿಗೆ ಎಟುಕುವಂತೆ ಇರುತ್ತದೆ.

"ಏನು ಯೋಚನೆ?" ಎಂದ ಆಂಬ್ರೋಸ್.

"ಏನಿಲ್ಲ. ಮೆಟ್ಟಿಲಿದೆ, ಕಾಲು ಎತ್ತಿಡಿ."